ಕನ್ನಡಿಯಾದ ಕಂಪ್ಯೂಟರ್

ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಇಪ್ಪತ್ತೇಳು ಅಂಗುಲದ ಕಪ್ಪು ಗಾಜಿನ ಹಲಗೆಯೊಂದು ಸುಮಾರು ಮೂರು ವರ್ಷ ನಿಂತಿತ್ತು. ಹೊಸದಾಗಿ ಬಂದವರು ಅದನ್ನು ಟೆಲಿವಿಷನ್ ಎಂದು ಭಾವಿಸಿ, “ಕ್ರಿಕೆಟ್ ಹಾಕಿ ಸ್ವಾಮಿ, ಎಷ್ಟು ರನ್ನಾಯಿತೋ ನೋಡೋಣ” ಎನ್ನುತ್ತಿದ್ದರು. ಅದರ ನಿಜವಾದ ಉಪಯೋಗವನ್ನು ಕಂಡುಕೊಂಡವಳು ನನ್ನ ಹೆಂಡತಿಯೊಬ್ಬಳೇ. ಬೆಳಗ್ಗೆ ಹೊರಗೆ ಹೊರಡುವ ಮುನ್ನ ಅವಳು ಅದರ ಮುಂದೆ ನಿಂತು, ಹಣೆಯ ಕುಂಕುಮ ನಡುವಿನಲ್ಲಿದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿಯ ಕನ್ನಡಿ ಅರಸೀಕೆರೆಯಲ್ಲಿ ಬೇರೆ ಯಾರ ಮನೆಯಲ್ಲಿಯೂ ಇರಲಾರದೆಂದು ನನ್ನ ನಂಬಿಕೆ.

ಕನ್ನಡಿಯಾಗುವ ಮುನ್ನ ಅದು ಕಂಪ್ಯೂಟರ್ ಆಗಿತ್ತು. ಅಂಗಡಿಯವರ ಭಾಷೆಯಲ್ಲಿ ‘ಆಲ್-ಇನ್-ಒನ್’. ಅಂದರೆ, ಸಾಮಾನ್ಯವಾಗಿ ಮೇಜಿನ ಕೆಳಗೆ ಬೇರೆಯಾಗಿ ಕುಳಿತಿರುವ ಪೆಟ್ಟಿಗೆ, ನಾವೆಲ್ಲ ಸಿ.ಪಿ.ಯು. ಎಂದು ಕರೆಯುವುದು, ಇದರಲ್ಲಿ ಪರದೆಯ ಬೆನ್ನಿನೊಳಗೇ ಅಡಗಿರುತ್ತದೆ. ಒಂದೇ ವಸ್ತು, ಒಂದೇ ತಂತಿ. ತಯಾರಿಸಿದ ಕಂಪೆನಿಯ ಹೆಸರು ಇಲ್ಲಿ ಬೇಡ. ಅದರಿಂದ ನನಗಾದ ನಷ್ಟದಲ್ಲಿ ಕಂಪೆನಿಯ ತಪ್ಪಿಗಿಂತ ನನ್ನ ಅವಿವೇಕದ ಪಾಲೇ ಹೆಚ್ಚೆಂದು ಈಗ ನನಗೆ ತಿಳಿದಿದೆ.

ನಮ್ಮದು ಅಚ್ಚಿನ ಮನೆತನ. ನನ್ನ ತಂದೆಯವರು ರೈಲ್ವೆ ನಿಲ್ದಾಣದ ಕಡೆಗೆ ಹೋಗುವ ರಸ್ತೆಯಲ್ಲಿ ಸಣ್ಣ ಅಚ್ಚುಕೂಟವೊಂದನ್ನು ನಡೆಸಿದರು. ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ, ನಾಲ್ಕಾರು ಕೇಸುಗಳ ತುಂಬ ಕನ್ನಡದ ಮೊಳೆಗಳು, ಇಬ್ಬರು ಕಂಪಾಜಿಟರುಗಳು—ಇಷ್ಟೇ ಅವರ ಸಾಮ್ರಾಜ್ಯ. ಮದುವೆಯ ಲಗ್ನಪತ್ರಿಕೆ, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಅವರ ನಿತ್ಯದ ಬೆಳೆ. ಮೊಳೆ ಸವೆದರೆ ಆ ಒಂದು ಮೊಳೆಯನ್ನು ತೆಗೆದು ಹೊಸದನ್ನು ಹಾಕುತ್ತಿದ್ದರು. ಯಂತ್ರದ ಪಟ್ಟೆ ಹರಿದರೆ ಪಟ್ಟೆಯನ್ನು ಮಾತ್ರ ಬದಲಾಯಿಸುತ್ತಿದ್ದರು. ದೊಡ್ಡ ಪತ್ರಿಕೆಗಳಲ್ಲಿದ್ದ ಲೈನೋಟೈಪ್ ಯಂತ್ರದ ವಿಷಯ ಬಂದಾಗ ಅವರು ತಲೆಯಾಡಿಸುತ್ತಿದ್ದುದು ನನಗೆ ನೆನಪಿದೆ. ಆ ಯಂತ್ರ ಇಡೀ ಸಾಲನ್ನು ಒಂದೇ ಸೀಸದ ಪಟ್ಟಿಯಾಗಿ ಎರಕ ಹೊಯ್ಯುತ್ತಿತ್ತು. ವೇಗವೇನೋ ಅಪಾರ, ಆದರೆ ಒಂದು ಅಕ್ಷರ ತಪ್ಪಿದರೂ ಇಡೀ ಸಾಲನ್ನೇ ಮತ್ತೆ ಎರೆಯಬೇಕು. “ಅದು ನೂರು ಜನ ದುಡಿಯುವ ಮನೆಗೆ ಸರಿಯಪ್ಪ, ನಮ್ಮಂಥವರಿಗಲ್ಲ” ಎನ್ನುತ್ತಿದ್ದರು. ಆ ಮಾತನ್ನು ನಾನು ಕಿವಿಯಲ್ಲಿ ಹಾಕಿಕೊಂಡಿದ್ದೆನೇ ಹೊರತು ಮನಸ್ಸಿಗೆ ತಂದುಕೊಂಡಿರಲಿಲ್ಲ.

ಕಾಲ ಬದಲಾಯಿತು. ಮೊಳೆಗಳು ಹೋಗಿ ಡಿ.ಟಿ.ಪಿ. ಬಂದಿತು. ಪೇಜ್‌ಮೇಕರ್, ಶ್ರೀಲಿಪಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’—ಇವುಗಳೊಡನೆ ನಾನೂ ಬೆಳೆದೆ. 2017ರಲ್ಲಿ ಹಳೆಯ ಕಂಪ್ಯೂಟರ್ ಮುಗ್ಗರಿಸತೊಡಗಿದಾಗ ಬೆಂಗಳೂರಿಗೆ ಹೋದೆ. ಗಾಜಿನ ಮಳಿಗೆಯಲ್ಲಿ ಈ ಸುಂದರಿಯನ್ನು ಕಂಡೆ. ಪರದೆಯ ಮೇಲೆ ನವಿಲಿನ ಚಿತ್ರವೊಂದು ಮೂಡಿತ್ತು. ಅದರ ಗರಿಯ ಒಂದೊಂದು ಎಳೆಯನ್ನೂ ಎಣಿಸಬಹುದಾಗಿತ್ತು. ನನ್ನ ಹೆಂಡತಿಯ ಎರಡು ಬಳೆಗಳು ಬ್ಯಾಂಕಿಗೆ ಹೋದವು. ಕಂಪ್ಯೂಟರ್ ರೈಲಿನಲ್ಲಿ ನನ್ನ ತೊಡೆಯ ಮೇಲೆ ಕುಳಿತು ಅರಸೀಕೆರೆಗೆ ಬಂದಿತು.

ಐದು ವರ್ಷ ಅದು ಚೆನ್ನಾಗಿಯೇ ದುಡಿಯಿತೆಂದು ಹೇಳದಿದ್ದರೆ ಅನ್ಯಾಯವಾದೀತು. ಹತ್ತಡಿಗೆ ಎಂಟಡಿಯ ನನ್ನ ಅಂಗಡಿಯಲ್ಲಿ ಅದರಿಂದ ಎಷ್ಟೋ ಜಾಗ ಉಳಿಯಿತು. ಮೇಜಿನ ಕೆಳಗಿನ ತಂತಿಗಳ ಹಾವಿನ ಹುತ್ತ ಮಾಯವಾಯಿತು. ಹಳೆಯ ಪೆಟ್ಟಿಗೆಗಿಂತ ಇದಕ್ಕೆ ವಿದ್ಯುತ್ತು ಕಡಮೆ ಸಾಕಾದುದರಿಂದ, ಕರೆಂಟು ಹೋದಾಗ ಯು.ಪಿ.ಎಸ್. ಇನ್ನಷ್ಟು ಹೊತ್ತು ತಾಳುತ್ತಿತ್ತು. ಲಗ್ನಪತ್ರಿಕೆ ಮಾಡಿಸಲು ಬಂದವರು ಪರದೆಯನ್ನು ನೋಡಿಯೇ ನನ್ನ ಕೆಲಸವನ್ನು ಮೆಚ್ಚಿಕೊಳ್ಳುತ್ತಿದ್ದರು.

2022ರ ಚಳಿಗಾಲದಲ್ಲಿ ಹತ್ತಿರದ ಊರಿನ ಶಾಲೆಯೊಂದರ ಸ್ಮರಣ ಸಂಚಿಕೆ ನನ್ನ ಕೈಯಲ್ಲಿತ್ತು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಎರಡು ವರ್ಷ ಮನೆಮನೆ ತಿರುಗಿ ಹಳೆಯ ವಿದ್ಯಾರ್ಥಿಗಳ ಲೇಖನಗಳನ್ನೂ ಭಾವಚಿತ್ರಗಳನ್ನೂ ಕೂಡಿಸಿದ್ದರು. ಬಿಡುಗಡೆಗೆ ಒಂಬತ್ತು ದಿನಗಳಿರುವಾಗ ಒಂದು ಬೆಳಗ್ಗೆ ನನ್ನ ಸುಂದರಿ ಕಣ್ಣು ತೆರೆಯಲಿಲ್ಲ. ಹಾಸನದಿಂದ ಬಂದ ರಿಪೇರಿಯ ಹುಡುಗ ಪರೀಕ್ಷಿಸಿ, “ಸಾರ್, ಪರದೆಗೆ ಏನೂ ಆಗಿಲ್ಲ. ಒಳಗಿನ ಮದರ್‌ಬೋರ್ಡ್ ಸುಟ್ಟಿದೆ. ಇದನ್ನು ತೆರೆಯಬೇಕಾದರೆ ಅಂಟಿಸಿದ ಗಾಜನ್ನು ಕೀಳಬೇಕು. ಒಡೆದರೆ ನಾನು ಹೊಣೆಯಲ್ಲ. ಬೆಂಗಳೂರಿಗೆ ಕಳಿಸಿ” ಎಂದ.

“ಪರದೆ ಚೆನ್ನಾಗಿದೆಯಲ್ಲಪ್ಪ, ಅದಕ್ಕೆ ಬೇರೆ ಸಿ.ಪಿ.ಯು. ಜೋಡಿಸಿಕೊಂಡು ಇವತ್ತಿನ ಕೆಲಸ ನೋಡಬಹುದಲ್ಲ?” ಎಂದು ಕೇಳಿದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. “ಹೊರಗಿನಿಂದ ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ದಾರಿಯೇ ಇದಕ್ಕಿಲ್ಲ, ಸಾರ್.”

ಬೆಂಗಳೂರಿನಿಂದ ಮೂರು ವಾರಗಳ ಮೇಲೆ ಉತ್ತರ ಬಂದಿತು: ಆ ಮಾದರಿಯ ಬೋರ್ಡು ಸಿಕ್ಕುವುದಿಲ್ಲ, ಸಿಕ್ಕಿದರೂ ಅರುವತ್ತು ಸಾವಿರಕ್ಕೆ ಕಡಮೆಯಿಲ್ಲ. ಆ ಹೊತ್ತಿಗೆ ನನ್ನ ಪಾಲಿಗೆ ಎಲ್ಲವೂ ಮುಗಿದಿತ್ತು. ಬೇರೆ ಡಿಸ್ಕಿನಲ್ಲಿ ನಾನು ಇಟ್ಟಿದ್ದ ಪ್ರತಿ ಹನ್ನೊಂದು ದಿನ ಹಳೆಯದು. ಸ್ನೇಹಿತರ ಅಂಗಡಿಯಲ್ಲಿ ರಾತ್ರಿಯೆಲ್ಲ ಕುಳಿತರೂ ನಲವತ್ತು ಪುಟ ಹಿಂದೆ ಬಿದ್ದೆ. ಬಿಡುಗಡೆಯ ದಿನ ವೇದಿಕೆಯ ಮೇಲೆ ಗಣ್ಯರು ಬಿಚ್ಚಿದ್ದು, ಮುಖಪುಟದೊಳಗೆ ಬಿಳಿಯ ಹಾಳೆಗಳನ್ನು ಕಟ್ಟಿದ ಒಂದು ಸಂಚಿಕೆಯನ್ನು. ಸಭೆಗೆ ಅದು ತಿಳಿಯಲಿಲ್ಲ. ಮುಖ್ಯೋಪಾಧ್ಯಾಯರಿಗೆ ತಿಳಿದಿತ್ತು. ಅವರು ಒಂದು ಕಟುಮಾತನ್ನೂ ಆಡಲಿಲ್ಲ. ಪುಸ್ತಕಗಳು ತಿಂಗಳ ಮೇಲೆ ಮುಗಿದಾಗ ಹಣವನ್ನು ಎಣಿಸಿಕೊಟ್ಟು, ಕೈಮುಗಿದು ಹೋದರು. ಮತ್ತೆ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ದುಬಾರಿ ಯಂತ್ರದಿಂದ ನನಗಾದ ನಷ್ಟದ ಲೆಕ್ಕ ಬರೆಯುವಾಗ ಒಂದು ಲಕ್ಷದ ನಲವತ್ತು ಸಾವಿರದ ಕೆಳಗೆ ಇದನ್ನೂ ಬರೆಯಬೇಕು. ಎಷ್ಟೆಂದು ಬರೆಯಲಿ?

ಇಷ್ಟು ಪೀಠಿಕೆಯ ಮೇಲೆ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಬೆಂಗಳೂರಿನ ಕಚೇರಿಯೊಂದರಲ್ಲಿ ವಿನ್ಯಾಸದ ಕೆಲಸದಲ್ಲಿದ್ದಳು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಬೇಲೂರಿನಲ್ಲಿ ತನ್ನದೇ ಆದ ಕಾರ್ಯಾಲಯ ತೆರೆಯಬೇಕೆಂಬ ಆಸೆ ಅವಳಲ್ಲಿ ಹುಟ್ಟಿತು. ಪ್ರವಾಸಿಗಳಿಗೆ ಕೈಪಿಡಿ, ಚಿತ್ರಗಳ ಪುಸ್ತಕ, ತಂಗುಮನೆಗಳ ಪರಿಚಯ ಪತ್ರ—ಕೆಲಸಕ್ಕೆ ಕೊರತೆಯಿಲ್ಲವೆಂದು ಅವಳ ಎಣಿಕೆ. 2025ರ ಆರಂಭದಲ್ಲಿ ಬ್ಯಾಂಕಿನ ಸಾಲ ಮಂಜೂರಾಯಿತು. ಒಂದು ಭಾನುವಾರ ಊರಿಗೆ ಬಂದವಳು, ಊಟಕ್ಕೆ ಕುಳಿತಾಗ, “ಅಪ್ಪಾ, ನಾನೊಂದು ಆಲ್-ಇನ್-ಒನ್ ತೆಗೆದುಕೊಳ್ಳಬೇಕೆಂದಿದ್ದೇನೆ” ಎಂದಳು.

ನನ್ನ ಕೈಯ ತುತ್ತು ತಟ್ಟೆಗೆ ಬಿದ್ದಿತು. “ಈ ಮನೆಗೆ ಒಂದು ಕನ್ನಡಿ ಸಾಕು” ಎಂದೆ.

“ನಿಮಗಾದ ನಷ್ಟವನ್ನು ನನ್ನ ಲೆಕ್ಕದಲ್ಲಿ ಯಾಕೆ ಬರೆಯುತ್ತೀರಿ?” ಎಂದು ಅವಳು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಟಿತು.

“ಮೊದಲು ಊಟ ಮಾಡಿ ಏಳ್ರೀ. ಕಂಪ್ಯೂಟರೇನು ಓಡಿಹೋಗುವುದಿಲ್ಲ” ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು.

ಊಟವಾದ ಮೇಲೆ ಮಗಳು ತನ್ನ ವಾದವನ್ನು ಮಂಡಿಸಿದಳು. ಅದನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ಸತ್ಯವಿತ್ತು. ಆಪಲ್ ಕಂಪೆನಿಯ ಮೊದಲ ಐಮ್ಯಾಕ್ 1998ರಲ್ಲಿ ಬಂದಿತು. ಇಂಥ ಯಂತ್ರಗಳು ಬರಿಯ ಆಡಂಬರವಾಗಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. 2014ರಲ್ಲಿ ಐದು ಕೆ. ಸೂಕ್ಷ್ಮತೆಯ ಪರದೆಯುಳ್ಳ ಐಮ್ಯಾಕ್ ಹೊರಬಂದಾಗ ಅಮೆರಿಕದಲ್ಲಿ ಅದರ ಬೆಲೆ 2,499 ಡಾಲರು. ಅದಕ್ಕೆ ಒಂದು ತಿಂಗಳ ಹಿಂದೆ ಡೆಲ್ ಕಂಪೆನಿ ಅಂಥದೇ ಸೂಕ್ಷ್ಮತೆಯ ಮಾನಿಟರಿಗೆ, ಬರಿಯ ಮಾನಿಟರಿಗೆ, ಸುಮಾರು ಅಷ್ಟೇ ಬೆಲೆಯನ್ನು ಸಾರಿತ್ತು. ಪರದೆಯ ಬೆಲೆಗೆ ಪರದೆಯೂ ಕಂಪ್ಯೂಟರೂ ಸಿಕ್ಕಿದಾಗ ಚಿತ್ರಕಾರರು ಮುಗಿಬಿದ್ದುದರಲ್ಲಿ ಆಶ್ಚರ್ಯವೇನು? “ಹಳೇಬೀಡಿನ ಬಳಪದ ಕಲ್ಲಿನ ಬಣ್ಣವನ್ನು ನೀವು ನೋಡಿದ್ದೀರಿ. ಬೂದುಬಣ್ಣದೊಳಗೆ ಹಸಿರಿನ ಛಾಯೆ. ಕೆಟ್ಟ ಪರದೆಯಲ್ಲಿ ಅದು ಸಿಮೆಂಟಿನಂತೆ ಕಾಣುತ್ತದೆ. ಪರದೆಯೇ ನನ್ನ ಕಣ್ಣು, ಅಪ್ಪಾ” ಎಂದಳು.

ಎದುರುವಾದ ನನ್ನಲ್ಲಿಯೂ ಇತ್ತು. ಅದೇ ಐಮ್ಯಾಕಿನ ಕಥೆಯ ಮುಂದಿನ ಅಧ್ಯಾಯವನ್ನು ನಾನು ಹೇಳಿದೆ. 2009ರಿಂದ ಬಂದ ಇಪ್ಪತ್ತೇಳು ಅಂಗುಲದ ಹಳೆಯ ಮಾದರಿಗಳನ್ನು ತಂತಿಯ ಮೂಲಕ ಬೇರೆ ಕಂಪ್ಯೂಟರಿಗೆ ಪರದೆಯಾಗಿ ಬಳಸುವ ಸೌಕರ್ಯವಿತ್ತು, ಐದು ಕೆ. ಮಾದರಿಯಲ್ಲಿ ಅದು ಹೋಯಿತು. ವೃತ್ತಿಗಾರರಿಗೆಂದೇ 2017ರ ಕೊನೆಯಲ್ಲಿ 4,999 ಡಾಲರಿನಿಂದ ಮೊದಲಾಗುವ ಐಮ್ಯಾಕ್ ಪ್ರೊ ಬಂದಿತು, 2021ರಲ್ಲಿ ನಿಂತುಹೋಯಿತು. ಮರುವರ್ಷ ಇಪ್ಪತ್ತೇಳು ಅಂಗುಲದ ಐಮ್ಯಾಕೂ ನಿಂತಿತು. ಆಗ ಅದೇ ಕಂಪೆನಿ ವೃತ್ತಿಗಾರರ ಮುಂದಿಟ್ಟದ್ದು ಒಂದು ಬೇರೆ ಪೆಟ್ಟಿಗೆಯನ್ನು, ಒಂದು ಬೇರೆ ಪರದೆಯನ್ನು. ಮೈಕ್ರೊಸಾಫ್ಟ್ ಕಂಪೆನಿಯು 2016ರಲ್ಲಿ ಆರಂಭಿಸಿದ ಸರ್ಫೇಸ್ ಸ್ಟುಡಿಯೊ, ಚಿತ್ರ ಬರೆಯುವವರ ಕನಸಿನಂತಿದ್ದ ಯಂತ್ರ, ಅದರ ತಯಾರಿಕೆಯೂ 2024ರ ಕೊನೆಗೆ ಮುಗಿಯಿತು. “ಒಂದಾಗಿಸಿದವರೇ ಬೇರೆ ಮಾಡುತ್ತಿದ್ದಾರಲ್ಲ ಮಗಳೆ” ಎಂದೆ. ಅವಳು ಸುಮ್ಮನಾದಳು, ಒಪ್ಪಲಿಲ್ಲ.

ಮರುದಿನ ಅವಳು ಗೊತ್ತುಮಾಡಿದ್ದ ಮಳಿಗೆಯನ್ನು ನೋಡಲು ಇಬ್ಬರೂ ಹೊರಟೆವು. ಬಾಣಾವರ, ಜಾವಗಲ್ಲಿನ ಮೇಲೆ ಹಳೇಬೀಡು. ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. ಬಸ್ಸಿನಲ್ಲಿ ಇಬ್ಬರೂ ಕಂಪ್ಯೂಟರಿನ ಮಾತೆತ್ತಲಿಲ್ಲ. ದೇವಸ್ಥಾನದ ಬೀದಿಯ ಮಳಿಗೆ ನನ್ನ ಅಂಗಡಿಗಿಂತಲೂ ಚಿಕ್ಕದು. ಅದನ್ನು ನೋಡಿ, ಒಂದೇ ತಂತಿಯ ಯಂತ್ರಕ್ಕೆ ಅವಳ ಮನಸ್ಸು ಏಕೆ ಹೋಯಿತೆಂದು ಅರ್ಥವಾಯಿತು.

ಆಮೇಲೆ ಕೇಶವನ ದರ್ಶನಕ್ಕೆ ಹೋದೆವು. ನವರಂಗದ ತಂಪಿನಲ್ಲಿ ಕುಳಿತಾಗ ಮಾರ್ಗದರ್ಶಕರೊಬ್ಬರು ಯಾತ್ರಿಕರಿಗೆ ಕಲ್ಲಿನ ಜಾಲಂಧ್ರಗಳನ್ನು ತೋರಿಸುತ್ತ, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಇವು ಇರಲಿಲ್ಲ, ಕಂಬಗಳ ನಡುವೆ ಬಯಲಾಗಿತ್ತು, ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ ಇವನ್ನು ಕೂಡಿಸಿದರು ಎಂದು ವಿವರಿಸುತ್ತಿದ್ದರು. ಹೊರಗೆ ಬಂದು ಮದನಿಕೆಯರನ್ನು ನೋಡುವಾಗ ಮಗಳು, “ಇವರೂ ಕಂಬದೊಡನೆ ಒಂದೇ ಕಲ್ಲಲ್ಲ ಅಪ್ಪಾ. ಬೇರೆ ಕಡೆದು ತಂದು ಕೂಡಿಸಿದ್ದು. ಹಳೇಬೀಡಿನಲ್ಲಿ ಇಂಥವು ಎಷ್ಟೋ ಹೋಗಿವೆ, ಗುಡಿ ನಿಂತಿದೆ” ಎಂದಳು. ಸ್ವಲ್ಪ ಹೊತ್ತು ಮೇಲೆಯೇ ನೋಡುತ್ತಿದ್ದು, ನಕ್ಕುಬಿಟ್ಟಳು. “ಗೆದ್ದೆವೆಂದು ಹಿಗ್ಗಬೇಡಿ. ನಾಳೆ ಲೆಕ್ಕ ಹಾಕೋಣ.”

ಲೆಕ್ಕ ಹಾಕಿದೆವು. ಇಂಥದೇ ಸಂದಿಗ್ಧದಲ್ಲಿರುವ ಓದುಗರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಕೊಡುತ್ತೇನೆ. 2024ರ ಅಕ್ಟೋಬರಿನಲ್ಲಿ ಹೊರಬಂದ ಇಪ್ಪತ್ತನಾಲ್ಕು ಅಂಗುಲದ ಐಮ್ಯಾಕಿನ ಆರಂಭದ ಬೆಲೆ ನಮ್ಮ ದೇಶದಲ್ಲಿ 1,34,900 ರೂಪಾಯಿ. ಅದೇ ತಿಂಗಳು ಅದೇ ಕಂಪೆನಿ ಹೊರತಂದ, ಅಂಗೈಯ ಮೇಲೆ ಕೂರುವಂಥ ಮ್ಯಾಕ್ ಮಿನಿ ಎಂಬ ಪೆಟ್ಟಿಗೆಗೆ 59,900. ಎರಡರ ಒಳಗೂ ಒಂದೇ ಕುಲದ ಚಿಪ್ಪು. ಮೆಮೊರಿಯೂ ಸಂಗ್ರಹವೂ ಸಮ. ಅಂದರೆ ಪರದೆ, ಕ್ಯಾಮೆರಾ, ಧ್ವನಿವರ್ಧಕ, ಕೀಲಿಮಣೆ, ಮೌಸು ಇವುಗಳಿಗೆ ಕೊಡುವುದು ಎಪ್ಪತ್ತೈದು ಸಾವಿರ. ಆ ಪರದೆಯ ಗುಣಕ್ಕೆ ಇದು ಅನ್ಯಾಯದ ಬೆಲೆಯೆಂದು ಹೇಳಲಾರೆ. ಆದರೆ ಒಳ್ಳೆಯ ಪರದೆ ಹತ್ತು ವರ್ಷ ಬಾಳುವಂಥದು. ಅದರ ಬೆನ್ನಿಗಂಟಿದ ಗಣಕ ಐದಾರು ವರ್ಷಕ್ಕೆ ಮುದಿಯಾಗುತ್ತದೆ. ಸಾಯದಿದ್ದರೂ ಮುದಿಯಾಗುತ್ತದೆ: 2025ರ ಅಕ್ಟೋಬರಿನಲ್ಲಿ ವಿಂಡೋಸ್ ಹತ್ತಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ ನಿಂತಾಗ, 2017ಕ್ಕೆ ಹಿಂದಿನ ಎಷ್ಟೋ ಆಲ್-ಇನ್-ಒನ್‌ಗಳು, ಪರದೆ ಹೊಸದರಂತೆ ಹೊಳೆಯುತ್ತಿದ್ದರೂ, ವಿಂಡೋಸ್ ಹನ್ನೊಂದಕ್ಕೆ ಅರ್ಹವಲ್ಲವೆನಿಸಿಕೊಂಡವು. ಆಯುಸ್ಸು ಬೇರೆಬೇರೆಯಾದ ಎರಡು ವಸ್ತುಗಳನ್ನು ಒಂದೇ ಗಂಟು ಹಾಕಿದರೆ, ಬೇಗ ಹೋಗುವುದು ತಡವಾಗಿ ಹೋಗುವುದನ್ನೂ ಎಳೆದುಕೊಂಡು ಹೋಗುತ್ತದೆ.

ಕನ್ನಡದ ಕೆಲಸ ಮಾಡುವವರು ಇನ್ನೊಂದನ್ನೂ ಯೋಚಿಸಬೇಕು. ನಮ್ಮ ಹಳೆಯ ಪುಸ್ತಕಗಳೆಲ್ಲ ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಕುಳಿತಿವೆ. 2020ರಿಂದ ಬಂದ ಆಪಲ್‌ನ ಸ್ವಂತ ಚಿಪ್ಪಿನ ಯಂತ್ರಗಳಲ್ಲಿ ಮೊದಲಿನಂತೆ ವಿಂಡೋಸನ್ನು ನೇರವಾಗಿ ಹಾಕಿಕೊಳ್ಳುವ ಏರ್ಪಾಡಿಲ್ಲ. ಯೂನಿಕೋಡಿನಲ್ಲಿ ಹೊಸದಾಗಿ ಆರಂಭಿಸುವವರಿಗೆ ಇದು ತೊಡಕಲ್ಲ. ತಂದೆಯ ಕಾಲದ ಕಡತಗಳನ್ನು ತೆರೆಯಬೇಕಾದವರಿಗೆ ತೊಡಕು.

ಹಾಗಾದರೆ ದುಬಾರಿ ಆಲ್-ಇನ್-ಒನ್ ಯಾರೂ ಕೊಳ್ಳಬಾರದೆ? ಹಾಗೆಂದು ನಾನು ಹೇಳುವುದಿಲ್ಲ. ವೈದ್ಯರ ಕೊಠಡಿಗೆ, ವಕೀಲರ ಮೇಜಿಗೆ, ಲೆಕ್ಕಪತ್ರದ ಕಚೇರಿಗೆ ಈ ರೂಪ ಅಚ್ಚುಕಟ್ಟಾದುದು; ಆದರೆ ಅವರಿಗೆ ಮಧ್ಯಮ ಬೆಲೆಯದೇ ಸಾಕು. ಹತ್ತು ಯಂತ್ರಗಳಿರುವ ಕಾರ್ಯಾಲಯದಲ್ಲಿ ಒಂದು ನಿಂತರೆ ಒಂಬತ್ತು ದುಡಿಯುತ್ತವೆ. ಅಂಥವರು ಬೆಂಗಳೂರಿನಲ್ಲಿದ್ದರಂತೂ ದುಬಾರಿಯದನ್ನೂ ಧಾರಾಳವಾಗಿ ಕೊಳ್ಳಲಿ. ಆದರೆ ಒಂದೇ ಯಂತ್ರವನ್ನು ನಂಬಿ ಸಂಸಾರ ನಡೆಸುವವನು, ಸಣ್ಣ ಊರಿನಲ್ಲಿರುವವನು, ಹಣ ಎಣಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಕೆಟ್ಟರೆ ಇದನ್ನು ತೆರೆಯಬಲ್ಲವನು ಎಷ್ಟು ದೂರದಲ್ಲಿದ್ದಾನೆ? ಒಂದು ಭಾಗ ಹೋದರೆ ಉಳಿದ ಭಾಗ ನನಗೆ ಉಳಿಯುತ್ತದೆಯೇ? ಅದು ನಿಂತ ದಿನ, ಆ ಒಂದು ದಿನ, ನಾನು ಕೊಟ್ಟ ಮಾತನ್ನು ಹೇಗೆ ನಡೆಸುತ್ತೇನೆ? ಮೊದಲೆರಡು ಪ್ರಶ್ನೆಗಳನ್ನು ಅಂಗಡಿಯವನನ್ನು ಕೇಳಬಹುದು. ಮೂರನೆಯದನ್ನು ನಾನು 2017ರಲ್ಲಿ ನನ್ನನ್ನೇ ಕೇಳಿಕೊಂಡಿದ್ದರೆ, ಬಿಳಿಯ ಹಾಳೆಗಳ ಆ ಸಂಚಿಕೆ ವೇದಿಕೆ ಏರುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಹನ್ನೊಂದು ದಿನ ಪ್ರತಿ ತೆಗೆಯದೆ ಬಿಟ್ಟವನು ನಾನು. ಆ ಸೋಮಾರಿತನಕ್ಕೆ ಯಾವ ರೂಪದ ಕಂಪ್ಯೂಟರಿನಲ್ಲಿಯೂ ಮದ್ದಿಲ್ಲ. ಇದನ್ನು ಮಗಳೇ ನನಗೆ ತೋರಿಸಿಕೊಟ್ಟಳು. ಅವಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದ್ದುದು ಎರಡು ಹೊರಗಿನ ಡಿಸ್ಕುಗಳು: ಒಂದು ಬೇಲೂರಿನಲ್ಲಿ, ಒಂದು ಅರಸೀಕೆರೆಯಲ್ಲಿ.

ಕೊನೆಗೆ ಅವಳು ಕೊಂಡದ್ದು ಒಂದು ಒಳ್ಳೆಯ ಮಾನಿಟರನ್ನು, ಬಣ್ಣ ಸರಿಪಡಿಸುವ ಉಪಕರಣವೊಂದನ್ನು, ಹಾಸನದ ಹುಡುಗನೇ ಬಿಡಿಭಾಗಗಳಿಂದ ಜೋಡಿಸಿಕೊಟ್ಟ ಸಿ.ಪಿ.ಯು. ಒಂದನ್ನು. ಅದರ ಪೆಟ್ಟಿಗೆ ಚೆಲುವಾಗಿಲ್ಲ. ತಂತಿಗಳು ಮತ್ತೆ ಹುತ್ತ ಕಟ್ಟಿವೆ. ಮೇಜಿನ ಕೆಳಗೆ ಕಾಲು ಚಾಚಲು ಅವಳಿಗೆ ಜಾಗವಿಲ್ಲ. ಫ್ಯಾನಿನ ಸದ್ದು ತಲೆನೋವು ತರಿಸುತ್ತದೆಂದು ದೂರುತ್ತಾಳೆ. ಆ ದೂರು ನಿಜ, ನಾನು ಎದುರಾಡುವುದಿಲ್ಲ.

ಅಂಗಡಿ ತೆರೆದ ತಿಂಗಳಲ್ಲಿಯೇ ಅವಳು ಮನೆಗೆ ಬಂದು, ಪಡಸಾಲೆಯ ಕಪ್ಪು ಹಲಗೆಯನ್ನು ಹೊತ್ತುಕೊಂಡು ಹೋದಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಪರದೆಗಳಿಗೆ ಹೊಂದುವ ನಿಯಂತ್ರಕ ಬೋರ್ಡು ಕೆಲವೇ ಸಾವಿರಕ್ಕೆ ಸಿಕ್ಕಿತಂತೆ. ಹಾಸನದ ಹುಡುಗ ಈ ಸಲ ಧೈರ್ಯವಾಗಿ ಗಾಜನ್ನು ಕಿತ್ತು, ಸುಟ್ಟ ಬೋರ್ಡನ್ನು ಹೊರಗೆ ಹಾಕಿ, ಅದನ್ನು ಬರಿಯ ಮಾನಿಟರಾಗಿ ಮಾಡಿಕೊಟ್ಟ. ಈಗ ಅದು ಬೇಲೂರಿನಲ್ಲಿ ಅವಳ ಎರಡನೆಯ ಪರದೆ. ಹೋದ ಸಲ ನಾನು ಅಲ್ಲಿಗೆ ಹೋದಾಗ ಅದರ ಮೇಲೆ ಹಳೇಬೀಡಿನ ಗೋಡೆಯ ಆನೆಗಳ ಸಾಲು ಮೂಡಿತ್ತು. ಕಲ್ಲು ಕಲ್ಲಿನಂತೆಯೇ ಕಾಣುತ್ತಿತ್ತು. ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.

ಊರಿಗೆ ಮರಳಿ ಇದನ್ನೆಲ್ಲ ಹೆಂಡತಿಗೆ ವರ್ಣಿಸಿದೆ. ಅವಳು ಕೇಳಿ ಸಂತೋಷಪಟ್ಟಳು. ಆಮೇಲೆ ಖಾಲಿಯಾದ ಮೇಜಿನ ಕಡೆ ನೋಡಿ, “ಅದೆಲ್ಲ ಸರಿ ರೀ, ಮಗಳಿಗೆ ಪರದೆಯಾಯಿತು. ನನ್ನ ಕನ್ನಡಿ ಎಲ್ಲಿ?” ಎಂದಳು.

ನಾಳೆ ಸಂತೆಯಲ್ಲಿ ಒಂದು ಕನ್ನಡಿ ಕೊಳ್ಳಬೇಕಾಗಿದೆ. ಕನ್ನಡಿಯಷ್ಟೇ ಆಗಿರುವ ಕನ್ನಡಿ.